ಮಿದುಳಿನ ಎಳೆ ಬಿಡಿಸಿದವರು

ಸಸ್ಯ, ಪ್ರಾಣಿಗಳ ದೇಹವೆಲ್ಲ ಜೀವಕೋಶಗಳಿಂದಲೇ ಆಗಿದೆ ಎಂದು ಜರ್ಮನಿಯ ಶ್ಲೈಡನ್ ಮತ್ತು ಶ್ವಾನ್ 1838–39ರಲ್ಲಿ ಸಾರಿದ ಮೇಲೆ ಒಂದೊಂದೇ ಅಂಗ ಆ ನಿಯಮದೊಳಗೆ ಬಂತು. ಮಿದುಳು ಮಾತ್ರ ಬಹುಕಾಲ ಹೊರಗೇ ಉಳಿಯಿತು. ಅದರ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಲ್ಲಲ್ಲಿ ಕೋಶದ ಒಡಲು ಕಾಣುತ್ತಿತ್ತು. ಅದರಿಂದ ಹೊರಟ ಎಳೆಗಳು ಸ್ವಲ್ಪ ದೂರ ಹೋಗಿ ಮಸುಕಿನಲ್ಲಿ ಕರಗಿಬಿಡುತ್ತಿದ್ದವು. ಒಂದು ಕೋಶದ ಎಳೆ ಎಲ್ಲಿ ಮುಗಿಯಿತು, ಇನ್ನೊಂದರದು ಎಲ್ಲಿ ಶುರುವಾಯಿತು ಎಂದು ಹೇಳಬಲ್ಲವರು ಇರಲಿಲ್ಲ. ಜರ್ಮನಿಯ ಅಂಗರಚನಾ ತಜ್ಞ ಯೋಸೆಫ್ ಫಾನ್ ಗೆರ್ಲಾಖ್ 1870ರ ದಶಕದ ಆರಂಭದಲ್ಲಿ, ಈ ಎಳೆಗಳೆಲ್ಲ ಒಂದರೊಳಗೊಂದು ಬೆಸೆದುಕೊಂಡು ಎಲ್ಲೂ ಕಡಿಯದ ಒಂದೇ ಜಾಲವಾಗಿವೆ ಎಂದು ವಾದಿಸಿದರು. ಆ ಕಾಲದ ಬಹುತೇಕ ತಜ್ಞರು ಇದನ್ನೇ ನಂಬಿದರು.

ಆ ಜಾಲವನ್ನು ಎಳೆ ಎಳೆಯಾಗಿ ಬಿಡಿಸಿ ಬರೆಯುವ ಕಸುಬು ಸುಮಾರು 150 ವರ್ಷಗಳಿಂದ ನಡೆದು ಬಂದಿದೆ. ಸಿದ್ಧಾಂತಗಳಿಗಿಂತ ಹೆಚ್ಚಾಗಿ ಬಣ್ಣ ಹಾಕುವ, ಕತ್ತರಿಸುವ, ಗೆರೆ ಎಳೆಯುವ ಕೈಗಳೇ ಅದನ್ನು ಮುಂದೆ ತಂದವು. 2024 ಮತ್ತು 2025ರಲ್ಲಿ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದ ಮಿದುಳಿನ ಬಣ್ಣಬಣ್ಣದ ನಕ್ಷೆಗಳು ಅದೇ ಕಸುಬಿನ ಫಲ.

ಕಸುಬಿನ ಮೊದಲ ಸಾಧನ ಸಿದ್ಧವಾದದ್ದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಅಲ್ಲ. ಇಟಲಿಯ ಮಿಲಾನ್ ಬಳಿಯ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನಲ್ಲಿ ವಾಸಿಯಾಗದ ರೋಗಿಗಳಿಗಾಗಿ ಒಂದು ಆಸ್ಪತ್ರೆ ಇತ್ತು. 1872ರಲ್ಲಿ ಅಲ್ಲಿಗೆ ವೈದ್ಯರಾಗಿ ಬಂದ ಕಮಿಲ್ಲೊ ಗಾಲ್ಗಿ, ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡು ಬಿಡುವಿನ ವೇಳೆಯಲ್ಲಿ ಮಿದುಳಿನ ತುಂಡುಗಳ ಮೇಲೆ ಪ್ರಯೋಗ ನಡೆಸಿದರು. ತುಂಡನ್ನು ಮೊದಲು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಸಿ ಗಟ್ಟಿ ಮಾಡಿ, ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿದರೆ, ಕೆಲವು ನರಕೋಶಗಳೊಳಗೆ ಸಿಲ್ವರ್ ಕ್ರೋಮೇಟ್ ತುಂಬಿಕೊಂಡು ಅವು ಬುಡದಿಂದ ತುದಿಯವರೆಗೆ ಕಪ್ಪಾಗುತ್ತಿದ್ದವು. 1873ರಲ್ಲಿ ಅವರು ಇದನ್ನು ಪ್ರಕಟಿಸಿದರು. ಈ ವಿಧಾನದ ಗುಟ್ಟು ಅದರ ಕೊರತೆಯಲ್ಲೇ ಇದೆ: ನೂರರಲ್ಲಿ ಒಂದೆರಡು ಕೋಶಗಳಿಗಷ್ಟೇ ಬಣ್ಣ ಹಿಡಿಯುತ್ತದೆ, ಉಳಿದವು ಹಳದಿ ಹಿನ್ನೆಲೆಯಲ್ಲಿ ಮರೆಯಾಗುತ್ತವೆ. ಸಿಕ್ಕಾದ ನೂಲಿನ ಲಡಿಯಲ್ಲಿ ಒಂದೇ ಎಳೆಗೆ ಮಸಿ ಹಚ್ಚಿದ ಹಾಗೆ, ಆ ಕೋಶದ ಕೊಂಬೆಗಳೆಲ್ಲ ಒಂದೂ ಬಿಡದೆ ಕಾಣುತ್ತವೆ. ಎಲ್ಲ ಕೋಶಗಳಿಗೂ ಬಣ್ಣ ಹಿಡಿದಿದ್ದರೆ ಸೀಳು ಬರೀ ಕಪ್ಪಾಗಿ ಏನೂ ತಿಳಿಯುತ್ತಿರಲಿಲ್ಲ.

ವಿಚಿತ್ರವೆಂದರೆ, ಇಂಥ ಸಾಧನವನ್ನು ಕೈಯಲ್ಲಿ ಹಿಡಿದಿದ್ದ ಗಾಲ್ಗಿಯವರೇ ಜಾಲ ಸಿದ್ಧಾಂತದ ಪ್ರಬಲ ವಕ್ತಾರರಾದರು. ತಾವು ಕಂಡ ಎಳೆಗಳ ತುದಿಗಳು ಕೊನೆಗೆ ಒಂದರಲ್ಲೊಂದು ಬೆರೆಯುತ್ತವೆ ಎಂದೇ ಅವರು ಕಡೆಯವರೆಗೂ ಹೇಳಿದರು.

ವಿಧಾನ ಹುಟ್ಟಿ 14 ವರ್ಷಗಳಾದರೂ ಅದನ್ನು ಬಳಸಿದವರು ಕಡಿಮೆ. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಲೂಯಿಸ್ ಸಿಮಾರೊ ಎಂಬ ವೈದ್ಯರು ತಮ್ಮ ಬಳಿ ಇದ್ದ ಗಾಲ್ಗಿ ಮಾದರಿಯ ಸೀಳೊಂದನ್ನು ವೆಲೆನ್ಸಿಯಾದಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರಿಗೆ ತೋರಿಸಿದರು. ಆ ಪ್ರಾಧ್ಯಾಪಕರೇ ಸಾಂಟಿಯಾಗೊ ರಮೋನ್ ಇ ಕಹಾಲ್. 1852ರಲ್ಲಿ ಉತ್ತರ ಸ್ಪೇನಿನ ಬೆಟ್ಟದೂರೊಂದರಲ್ಲಿ ಹುಟ್ಟಿದ ಅವರಿಗೆ ಚಿತ್ರಕಾರನಾಗುವ ಹಂಬಲವಿತ್ತು. ಮಗ ಹಾದಿ ತಪ್ಪಿದ ಎಂದುಕೊಂಡ ವೈದ್ಯ ತಂದೆ, ಅವನನ್ನು ಒಮ್ಮೆ ಕ್ಷೌರಿಕನ ಬಳಿಗೆ, ಇನ್ನೊಮ್ಮೆ ಚಪ್ಪಲಿ ಹೊಲಿಯುವವನ ಬಳಿಗೆ ಕೆಲಸಕ್ಕೆ ಬಿಟ್ಟರು. ಕೊನೆಗೆ ಹಳೆಯ ಸ್ಮಶಾನದಿಂದ ಮೂಳೆಗಳನ್ನು ತಂದು ಅವುಗಳ ಚಿತ್ರ ಬರೆಯಿಸುತ್ತ ಅಂಗರಚನಾ ಶಾಸ್ತ್ರ ಕಲಿಸಿದರು. ಬಿಡಲಾರದ ಚಿತ್ರಕಲೆ ಹೀಗೆ ವೈದ್ಯಕೀಯದೊಳಗೇ ದಾರಿ ಮಾಡಿಕೊಂಡಿತು. ಸೇನೆಯ ವೈದ್ಯರಾಗಿ ಕ್ಯೂಬಾಕ್ಕೆ ಹೋಗಿ ಮಲೇರಿಯಾದಿಂದ ಬಳಲಿ ಮರಳಿದ ಕಹಾಲ್, ಸ್ವಂತ ಹಣದಲ್ಲಿ ಸೂಕ್ಷ್ಮದರ್ಶಕ ಕೊಂಡು ಮನೆಯಲ್ಲೇ ಕೆಲಸ ಶುರು ಮಾಡಿದ್ದರು.

ಗಾಲ್ಗಿ ವಿಧಾನದ ಚಂಚಲ ಸ್ವಭಾವವನ್ನು ಕಹಾಲ್ ಎರಡು ಉಪಾಯಗಳಿಂದ ಪಳಗಿಸಿದರು. ಬಣ್ಣ ಹಾಕುವ ಕ್ರಿಯೆಯನ್ನು ಒಂದರ ಬದಲು ಎರಡು ಸಲ ನಡೆಸಿದರು; ಬೆಳೆದ ಪ್ರಾಣಿಗಳ ಬದಲು ಭ್ರೂಣಗಳನ್ನೂ ಎಳೆಯ ಮರಿಗಳನ್ನೂ ಆರಿಸಿಕೊಂಡರು. ಎಳೆಯ ಮಿದುಳಿನಲ್ಲಿ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇನ್ನೂ ಬಂದಿರುವುದಿಲ್ಲ, ದೂರವೂ ಕಡಿಮೆ, ಹಾಗಾಗಿ ಎಳೆಯ ಹಾದಿ ಸ್ಪಷ್ಟವಾಗಿ ಸಿಗುತ್ತದೆ. ಅಷ್ಟು ಹೊತ್ತಿಗೆ ಬಾರ್ಸಿಲೋನಾಕ್ಕೆ ಬಂದಿದ್ದ ಅವರು, 1888ರ ಮೇ ತಿಂಗಳಲ್ಲಿ ತಾವೇ ಹಣ ಹಾಕಿ ಒಂದು ಪತ್ರಿಕೆ ಆರಂಭಿಸಿ, ಹಕ್ಕಿಯ ಕಿರುಮಿದುಳಿನ ಅಧ್ಯಯನವನ್ನು ಅದರಲ್ಲಿ ಪ್ರಕಟಿಸಿದರು. ಅಚ್ಚಾದದ್ದು 60 ಪ್ರತಿ. ಅದರ ಸಾರ ಇಷ್ಟು: ಪ್ರತಿ ನರಕೋಶದ ಎಳೆಗೂ ಒಂದು ತುದಿ ಇದೆ, ಆ ತುದಿ ಇನ್ನೊಂದು ಕೋಶದ ಹತ್ತಿರಕ್ಕೆ ಬಂದು ತಾಗಿ ನಿಲ್ಲುತ್ತದೆ, ಅದರೊಂದಿಗೆ ಬೆಸೆಯುವುದಿಲ್ಲ. ಮಿದುಳು ಕೂಡ ಬಿಡಿಬಿಡಿ ಕೋಶಗಳ ಕಟ್ಟಡವೇ.

ಸ್ಪ್ಯಾನಿಷ್ ಭಾಷೆಯ ಆ ಪತ್ರಿಕೆಯನ್ನು ಓದುವವರೇ ಇರಲಿಲ್ಲ. 1889ರ ಅಕ್ಟೋಬರಿನಲ್ಲಿ ಕಹಾಲ್ ತಮ್ಮ ಸೀಳುಗಳನ್ನೂ ಸೂಕ್ಷ್ಮದರ್ಶಕವನ್ನೂ ಕಟ್ಟಿಕೊಂಡು, ಕೂಡಿಟ್ಟ ಹಣದಲ್ಲಿ ಬರ್ಲಿನ್ನಿಗೆ ಹೋದರು. ಜರ್ಮನ್ ಅಂಗರಚನಾ ಸಂಘದ ಸಭೆಯಲ್ಲಿ ಮೇಜಿನ ಮೇಲೆ ಅವುಗಳನ್ನು ಜೋಡಿಸಿಟ್ಟು, ಮುರುಕು ಫ್ರೆಂಚಿನಲ್ಲಿ ಒಬ್ಬೊಬ್ಬರನ್ನೇ ಕರೆದು ತೋರಿಸಿದರು. ಆ ವಿದ್ಯೆಯ ಹಿರಿಯಜ್ಜನಂತಿದ್ದ, 70 ದಾಟಿದ್ದ ಆಲ್ಬರ್ಟ್ ಫಾನ್ ಕೋಲಿಕರ್ ಕಣ್ಣಾರೆ ಕಂಡು ಬೆರಗಾದರು. ಅವರು ತಮ್ಮ ಹಳೆಯ ಅಭಿಪ್ರಾಯವನ್ನು ಬಿಟ್ಟುಕೊಟ್ಟದ್ದಲ್ಲದೆ, ಕಹಾಲರ ಬರಹ ಓದಲೆಂದೇ ಆ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತರು. ಮಿದುಳಿನ ಚರಿತ್ರೆಯಲ್ಲಿ ಇದಕ್ಕಿಂತ ಉದಾತ್ತವಾದ ನಡೆ ಅಪರೂಪ. 1891ರಲ್ಲಿ ವಿಲ್ಹೆಲ್ಮ್ ವಾಲ್ಡೆಯರ್ ಈ ಬಿಡಿ ಕೋಶಕ್ಕೆ ‘ನ್ಯೂರಾನ್’ ಎಂದು ಹೆಸರಿಟ್ಟರು. ಕಹಾಲರಿಗಿಂತ ತುಸು ಮುಂಚೆಯೇ ವಿಲ್ಹೆಲ್ಮ್ ಹಿಸ್, ಆಗುಸ್ಟ್ ಫೋರೆಲ್ ಮತ್ತು ಮುಂದೆ ಧ್ರುವ ಪ್ರದೇಶದ ಸಾಹಸಿಯಾಗಿ ಹೆಸರಾದ ನಾರ್ವೆಯ ನಾನ್ಸೆನ್ ಇದೇ ಕಡೆಗೆ ಬೆರಳು ತೋರಿದ್ದರು. ಆದರೆ ಕಣ್ಣಿಗೆ ಕಾಣುವಂತೆ ಸಾಕ್ಷ್ಯ ಒದಗಿಸಿದವರು ಕಹಾಲ್.

ಆ ಸಾಕ್ಷ್ಯವೆಂದರೆ ಚಿತ್ರಗಳು. ಹಲವಾರು ಸೀಳುಗಳಲ್ಲಿ ಕಂಡದ್ದನ್ನು ಮನಸ್ಸಿನಲ್ಲಿ ಸೇರಿಸಿಕೊಂಡು, ಒಂದೇ ಹಾಳೆಯ ಮೇಲೆ ಮಸಿಯಲ್ಲಿ ಬರೆಯುವುದು ಕಹಾಲರ ಪದ್ಧತಿ. ರೆಟಿನಾ, ಹಿಪೊಕ್ಯಾಂಪಸ್, ಬೆನ್ನುಹುರಿ, ಮಿದುಳಿನ ಹೊರಪದರ ಹೀಗೆ ಒಂದೊಂದನ್ನೂ ಅವರು ಬರೆದರು. ಸಂದೇಶ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ಪುಟ್ಟ ಬಾಣದ ಗುರುತು ಹಾಕಿದರು. ಎಳೆ ಬೆಳೆಯುವಾಗ ಅದರ ಮುಂತುದಿ ಹೇಗಿರುತ್ತದೆ ಎಂಬುದನ್ನೂ, ನರಕೋಶದ ಡೆಂಡ್ರೈಟ್ ಎಂಬ ಕೊಂಬೆಗಳ ಮೇಲಿನ ಮುಳ್ಳಿನಂಥ ಕಿರುಚಾಚುಗಳನ್ನೂ ಗುರುತಿಸಿದರು. ಇತರರು ಆ ಮುಳ್ಳುಗಳನ್ನು ಬಣ್ಣದ ಕಸವೆಂದು ತಳ್ಳಿಹಾಕಿದ್ದರು. ಕಲಿಕೆ ಮತ್ತು ನೆನಪಿನ ಸಂಶೋಧನೆ ಇಂದು ಅವುಗಳ ಸುತ್ತಲೇ ನಡೆಯುತ್ತಿದೆ. ಕಹಾಲರ ಚಿತ್ರಗಳು ಈಗಲೂ ಪಠ್ಯಪುಸ್ತಕಗಳಲ್ಲಿ ಅಚ್ಚಾಗುತ್ತವೆ. 2017ರಲ್ಲಿ ಅವರ ಕಾಗದಪತ್ರಗಳ ಸಂಗ್ರಹ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು.

1906ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯನ್ನು ಗಾಲ್ಗಿ ಮತ್ತು ಕಹಾಲ್ ಹಂಚಿಕೊಂಡರು. ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ 11ರಂದು ಮಾತನಾಡಿದ ಗಾಲ್ಗಿ, ನ್ಯೂರಾನ್ ಸಿದ್ಧಾಂತವೇ ತಪ್ಪೆಂದು ವಾದಿಸಿದರು. ಮರುದಿನ ಕಹಾಲ್ ಅದೇ ಸಿದ್ಧಾಂತವನ್ನು ಸಮರ್ಥಿಸಿ ಮಾತನಾಡಿದರು. ಒಂದೇ ವಿಧಾನದಿಂದ ತಯಾರಾದ ಸೀಳುಗಳನ್ನು ನೋಡಿದ ಇಬ್ಬರು ಎರಡು ಬೇರೆ ಮಿದುಳುಗಳನ್ನು ಕಂಡಿದ್ದರು. ಬೆಳಕಿನ ಸೂಕ್ಷ್ಮದರ್ಶಕ ಆ ಜಗಳವನ್ನು ಪೂರ್ತಿ ಬಗೆಹರಿಸಲಾರದು. ಎರಡು ಕೋಶಗಳ ನಡುವಿನ ಅಂತರ ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು. ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1897ರಲ್ಲೇ ಆ ಸಂಧಿಗೆ ‘ಸಿನಾಪ್ಸ್’ ಎಂದು ಹೆಸರು ಕೊಟ್ಟಿದ್ದರೂ ಅದನ್ನು ಯಾರೂ ನೋಡಿರಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಸುಮಾರು 20 ನ್ಯಾನೊಮೀಟರ್ ಅಗಲದ ಬಿರುಕು ಕಣ್ಣಿಗೆ ಬಿತ್ತು. ಕಹಾಲ್ ತೀರಿಕೊಂಡು 20 ವರ್ಷಗಳಾಗಿದ್ದವು. ಗಾಲ್ಗಿಯವರ ಮಾತಿಗೂ ಸ್ವಲ್ಪ ನ್ಯಾಯ ಸಿಗಬೇಕು: 1959ರಲ್ಲಿ ಫರ್ಶ್‌ಪಾನ್ ಮತ್ತು ಪಾಟರ್, ಸಿಗಡಿಯ ಜಾತಿಯ ಕ್ರೇಫಿಶ್‌ನಲ್ಲಿ ಎರಡು ನರಕೋಶಗಳ ನಡುವೆ ವಿದ್ಯುತ್ ನೇರವಾಗಿ ಹರಿಯುವ ಸಂಧಿಯನ್ನು ಕಂಡರು. ಇಂಥ ವಿದ್ಯುತ್ ಸಿನಾಪ್ಸ್‌ಗಳು ಮನುಷ್ಯರ ಮಿದುಳಿನಲ್ಲೂ ಇವೆ.

ಬಿಡಿ ಕೋಶಗಳ ಪ್ರಶ್ನೆ ಮುಗಿಯಿತು; ಯಾವ ಕೋಶ ಯಾವುದಕ್ಕೆ ತಾಗಿದೆ ಎಂಬ ಪ್ರಶ್ನೆ ಉಳಿಯಿತು. ನೂರರಲ್ಲಿ ಒಂದನ್ನು ತೋರಿಸುವ ಬಣ್ಣ ಇದಕ್ಕೆ ಸಾಲದು, ಎಲ್ಲವೂ ಕಾಣಬೇಕು. ಕೇಂಬ್ರಿಜ್‌ನ ಸಿಡ್ನಿ ಬ್ರೆನ್ನರ್ ಇದಕ್ಕಾಗಿ ಆರಿಸಿಕೊಂಡದ್ದು ಒಂದು ಮಿಲಿಮೀಟರ್ ಉದ್ದದ, ಪಾರದರ್ಶಕವಾದ ಸಿ. ಎಲಿಗನ್ಸ್ ಎಂಬ ಹುಳುವನ್ನು. ಅದರ ಮೈಯಲ್ಲಿರುವ ನರಕೋಶಗಳು 302. ಪ್ರತಿ ದ್ವಿಲಿಂಗಿ ಹುಳುವಿನಲ್ಲೂ ಅಷ್ಟೇ.

ಕೆಲಸ ಹೇಳುವಷ್ಟು ಸುಲಭವಿರಲಿಲ್ಲ. ನಿಕೋಲ್ ಥಾಮ್ಸನ್ ಎಂಬ ತಂತ್ರಜ್ಞರು ರಾಳದಲ್ಲಿ ಕೂರಿಸಿದ ಹುಳುವನ್ನು ಸುಮಾರು 50 ನ್ಯಾನೊಮೀಟರ್ ದಪ್ಪದ ಸೀಳುಗಳಾಗಿ, ಒಂದೂ ಕಳೆಯದಂತೆ, ಒಂದೂ ಮಡಿಸಿಕೊಳ್ಳದಂತೆ ಕತ್ತರಿಸಿದರು. ಸಾವಿರಾರು ಸೀಳುಗಳ ಎಲೆಕ್ಟ್ರಾನ್ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ಒಂದು ನರಕೋಶ ಈ ಚಿತ್ರದಲ್ಲಿ ಎಲ್ಲಿದೆ, ಮುಂದಿನದರಲ್ಲಿ ಎಲ್ಲಿಗೆ ಸರಿಯಿತು ಎಂದು ಐಲೀನ್ ಸೌತ್‌ಗೇಟ್ ಬಣ್ಣದ ಪೆನ್ನಿನಲ್ಲಿ ಗುರುತು ಮಾಡುತ್ತ ಹೋದರು. ಗಣಕಯಂತ್ರಕ್ಕೆ ಈ ಕೆಲಸ ಒಪ್ಪಿಸಲು ಅದೇ ತಂಡದ ಜಾನ್ ವೈಟ್ ಪ್ರಯತ್ನಿಸಿದ್ದರು. ಅಂದಿನ ಯಂತ್ರಗಳಿಗೆ ಆ ಶಕ್ತಿ ಇರಲಿಲ್ಲ. ಹತ್ತು ವರ್ಷಕ್ಕೂ ಮೀರಿ ಈ ದುಡಿಮೆ ನಡೆದು, 1986ರಲ್ಲಿ 340 ಪುಟಗಳ ಪ್ರಬಂಧವಾಗಿ ಹೊರಬಂತು. ಸುಮಾರು 5,000 ರಾಸಾಯನಿಕ ಸಿನಾಪ್ಸ್‌ಗಳು, 600 ವಿದ್ಯುತ್ ಸಂಧಿಗಳು, ನರ ಮತ್ತು ಸ್ನಾಯು ಕೂಡುವ 2,000 ಜಾಗಗಳು ಅದರಲ್ಲಿ ದಾಖಲಾದವು. ಒಂದು ಪ್ರಾಣಿಯ ನರಮಂಡಲದ ಪೂರ್ತಿ ನಕ್ಷೆ ಮನುಷ್ಯನ ಕೈಗೆ ಸಿಕ್ಕದ್ದು ಅದೇ ಮೊದಲು. ಬ್ರೆನ್ನರ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ಥಾಮ್ಸನ್, ಸೌತ್‌ಗೇಟ್ ಅವರ ಹೆಸರು ವಿಜ್ಞಾನದ ವಿದ್ಯಾರ್ಥಿಗಳಿಗೂ ಅಷ್ಟಾಗಿ ಗೊತ್ತಿಲ್ಲ, ಗೊತ್ತಿರಬೇಕಿತ್ತು.

ಆ ನಂತರ ಸುಮಾರು 20 ವರ್ಷ ಇಂಥ ಇನ್ನೊಂದು ಕೆಲಸಕ್ಕೆ ಕೈಹಾಕಿದವರು ವಿರಳ. ಹುಳುವಿಗೇ ಇಷ್ಟು ಕಾಲ ಹಿಡಿದರೆ ಇಲಿಗೆ ಎಷ್ಟು ಎಂಬ ಲೆಕ್ಕವೇ ಎದೆಗುಂದಿಸುವಂತಿತ್ತು. ಡಿಎನ್‌ಎ ರಚನೆಯ ಫ್ರಾನ್ಸಿಸ್ ಕ್ರಿಕ್ 1979ರಲ್ಲಿ ಬರೆದ ಲೇಖನವೊಂದರಲ್ಲಿ, ಮಿದುಳಿನ ಒಂದು ಘನ ಮಿಲಿಮೀಟರ್ ತುಂಡಿನ ಎಲ್ಲ ಸಂಪರ್ಕಗಳ ನಕ್ಷೆಯನ್ನೂ ಅದರ ಎಲ್ಲ ನರಕೋಶಗಳ ಚಟುವಟಿಕೆಯನ್ನೂ ಕೇಳುವುದು ಆಗದ ಮಾತು ಎಂದು ಹೇಳಿದ್ದರು.

ದಾರಿ ತೆರೆದದ್ದು ಮತ್ತೆ ಕತ್ತರಿಸುವ ವಿದ್ಯೆಯಿಂದಲೇ. 2004ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿನ್‌ಫ್ರೀಡ್ ಡೆಂಕ್, ವಜ್ರದ ಅಲಗನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಕೂರಿಸಿದರು. ಯಂತ್ರ ತುಂಡಿನ ಮೇಲ್ಮೈಯ ಚಿತ್ರ ತೆಗೆಯುತ್ತದೆ, ಒಂದು ಪದರ ಕೆರೆದು ಹಾಕುತ್ತದೆ, ಮತ್ತೆ ಚಿತ್ರ ತೆಗೆಯುತ್ತದೆ. ಹಾರ್ವರ್ಡ್‌ನ ಜೆಫ್ ಲಿಕ್ಟ್‌ಮನ್ ಅವರ ಗುಂಪು, ಕತ್ತರಿಸಿದ ಸೀಳುಗಳನ್ನು ಉದ್ದನೆಯ ಟೇಪಿನ ಮೇಲೆ ತಾನಾಗಿ ಎತ್ತಿಕೊಳ್ಳುವ ಯಂತ್ರವನ್ನು ಬಳಕೆಗೆ ತಂದಿತು. 2005ರಲ್ಲಿ ಇಂಥ ಪೂರ್ಣ ನಕ್ಷೆಗೆ ‘ಕನೆಕ್ಟೋಮ್’ ಎಂಬ ಹೆಸರೂ ಬಂತು. ಚಿತ್ರಗಳು ರಾಶಿ ರಾಶಿ ಬೀಳತೊಡಗಿದವು. ಗೆರೆ ಎಳೆಯುವ ಕೈಗಳು ಸಾಲದಾದವು. ಆಗ ಸೆಬಾಸ್ಟಿಯನ್ ಸಂಗ್ ಅವರ ತಂಡ 2012ರಲ್ಲಿ ಇಲಿಯ ರೆಟಿನಾದ ಎಳೆಗಳನ್ನು ಬಿಡಿಸುವುದನ್ನೇ ಐವೈರ್ ಎಂಬ ಕಂಪ್ಯೂಟರ್ ಆಟ ಮಾಡಿ ಜನರ ಮುಂದಿಟ್ಟಿತು. ವಿಜ್ಞಾನಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಜನ ಮನೆಯಲ್ಲಿ ಕುಳಿತು ಆಡಿದರು. ಅವರು ಬಿಡಿಸಿದ ನಕ್ಷೆಯಿಂದ ಚಲನೆಯನ್ನು ಗ್ರಹಿಸುವ ಕೋಶಗಳ ಬಗ್ಗೆ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಬಂಧ ಬಂತು. ಆ ಬಳಿಕ ಕೃತಕ ಬುದ್ಧಿಮತ್ತೆ ಬಂದು ಹೆಚ್ಚಿನ ಗೆರೆಗಳನ್ನು ತಾನೇ ಎಳೆಯತೊಡಗಿತು, ಮನುಷ್ಯರಿಗೆ ತಿದ್ದುವ ಕೆಲಸ ಉಳಿಯಿತು.

ಹೀಗೆ ಸಿದ್ಧವಾದದ್ದೇ ಹಣ್ಣುನೊಣದ ನಕ್ಷೆ. ಮೊದಲು 2023ರಲ್ಲಿ ಅದರ ಮರಿಹುಳುವಿನ ಮಿದುಳು ಪೂರ್ತಿಯಾಯಿತು: 3,016 ನರಕೋಶಗಳು, 5,48,000 ಸಿನಾಪ್ಸ್‌ಗಳು. ಬೆಳೆದ ನೊಣದ ಕೆಲಸ ಅದಕ್ಕಿಂತ ಎಷ್ಟೋ ದೊಡ್ಡದು. ಅಮೆರಿಕದ ವರ್ಜೀನಿಯಾದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಒಂದು ಹೆಣ್ಣು ನೊಣದ ಮಿದುಳನ್ನು ಸುಮಾರು 7,000 ಸೀಳುಗಳಾಗಿ ಕತ್ತರಿಸಿ ತೆಗೆದ 2.1 ಕೋಟಿ ಚಿತ್ರಗಳು 2018ರಲ್ಲಿ ಪ್ರಕಟವಾಗಿದ್ದವು. ಪ್ರಿನ್ಸ್‌ಟನ್‌ನ ಮಾಲಾ ಮೂರ್ತಿ ಮತ್ತು ಸಂಗ್ ಅವರ ನೇತೃತ್ವದಲ್ಲಿ ಫ್ಲೈವೈರ್ ಎಂಬ ಒಕ್ಕೂಟ ಅವುಗಳನ್ನು ಜೋಡಿಸಿತು. ಯಂತ್ರ ಬಿಡಿಸಿದ ಎಳೆಗಳನ್ನು ನೂರಾರು ಸಂಶೋಧಕರೂ ಹವ್ಯಾಸಿಗಳೂ ತಿದ್ದಿದರು. ಒಬ್ಬರೇ ಕುಳಿತಿದ್ದರೆ ಆ ತಿದ್ದುವಿಕೆಗೇ ಸುಮಾರು 33 ವರ್ಷ ಹಿಡಿಯುತ್ತಿತ್ತು. 2024ರ ಅಕ್ಟೋಬರ್ 2ರಂದು ಫಲಿತಾಂಶ ಹೊರಬಂತು: 1,39,255 ನರಕೋಶಗಳು, 5 ಕೋಟಿಗೂ ಹೆಚ್ಚು ಸಿನಾಪ್ಸ್‌ಗಳು, 8,453 ಬಗೆಯ ಕೋಶಗಳು. ಆ ಬಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಗಸಗಸೆ ಕಾಳಿನಷ್ಟಿರುವ ಆ ಮಿದುಳಿನ ಎಳೆಗಳನ್ನು ಉದ್ದಕ್ಕೆ ಇಟ್ಟರೆ ಸುಮಾರು 150 ಮೀಟರ್ ಆಗುತ್ತದೆ. ನಕ್ಷೆಯನ್ನು ಗಣಕಕ್ಕೆ ಕೊಟ್ಟು ಸಿಹಿ ಗುರುತಿಸುವ ನರಕೋಶಗಳನ್ನು ಚಾಲೂ ಮಾಡಿದಾಗ, ಸೊಂಡಿಲನ್ನು ಚಾಚಿಸುವ ನರಕೋಶ ತಾನಾಗಿ ಎಚ್ಚೆತ್ತಿತು. ನಿಜವಾದ ನೊಣದಲ್ಲಿ ನಡೆಯುವುದೂ ಅದೇ.

ಹಣ್ಣುನೊಣದ ನರವಿಜ್ಞಾನದಲ್ಲಿ ಬೆಂಗಳೂರಿಗೂ ಒಂದು ಹಳೆಯ ಪಾಲಿದೆ. 1970ರ ದಶಕದಲ್ಲಿ ವಿಜ್ಞಾನಿ ಒಬೈದ್ ಸಿದ್ದಿಕಿ ಅಮೆರಿಕದ ಸೈಮರ್ ಬೆಂಜರ್ ಜೊತೆ ಸೇರಿ, ಬಿಸಿ ಏರಿದಾಗ ಪಾರ್ಶ್ವವಾಯು ಬಡಿದಂತೆ ಬೀಳುವ ನೊಣದ ತಳಿಗಳನ್ನು ಅಧ್ಯಯನ ಮಾಡಿದರು. ನರಕೋಶದಲ್ಲಿ ವಿದ್ಯುತ್ ಸಂದೇಶ ಹೇಗೆ ಸಾಗುತ್ತದೆ ಎಂಬುದಕ್ಕೆ ಅವು ಕೀಲಿಯಾದವು. ಆಮೇಲೆ ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಅವರು ಮತ್ತು ವೆರೊನಿಕಾ ರಾಡ್ರಿಗ್ಸ್, ವಾಸನೆ ಮತ್ತು ರುಚಿ ಗ್ರಹಿಸಲಾರದ ನೊಣಗಳನ್ನು ಹುಡುಕಿ ಘ್ರಾಣದ ತಳಿವಿಜ್ಞಾನಕ್ಕೆ ತಳಹದಿ ಹಾಕಿದರು. ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಬೆಳೆಸಿದವರು ಸಿದ್ದಿಕಿಯವರೇ. ನೊಣದ ಘ್ರಾಣದ ಅಧ್ಯಯನ ಅಲ್ಲಿಯೂ ಮುಂದುವರಿಯಿತು.

ಮನುಷ್ಯರ ಮಿದುಳಿನ ಸರದಿ ಬಂದದ್ದು 2024ರ ಮೇ ತಿಂಗಳಲ್ಲಿ. ಅಪಸ್ಮಾರಕ್ಕಾಗಿ 45 ವರ್ಷದ ಮಹಿಳೆಯೊಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ತೆಗೆಯಲೇಬೇಕಾಗಿದ್ದ ಭಾಗದಿಂದ ಒಂದು ಘನ ಮಿಲಿಮೀಟರ್ ತುಂಡನ್ನು ಪಡೆದು, ಲಿಕ್ಟ್‌ಮನ್ ಗುಂಪು 5,000ಕ್ಕೂ ಹೆಚ್ಚು ಸೀಳುಗಳನ್ನು ಮಾಡಿತು. ಗೂಗಲ್‌ನ ತಂತ್ರಜ್ಞರು ಅವುಗಳನ್ನು ಜೋಡಿಸಿದರು. ಆ ಪುಟ್ಟ ತುಂಡಿನಲ್ಲಿ ಸುಮಾರು 57,000 ಕೋಶಗಳು, 15 ಕೋಟಿ ಸಿನಾಪ್ಸ್‌ಗಳು, 23 ಸೆಂಟಿಮೀಟರ್ ಉದ್ದದ ರಕ್ತನಾಳಗಳು ಇದ್ದವು. ನರಕೋಶಗಳಿಗಿಂತ ಅವುಗಳನ್ನು ಪೋಷಿಸುವ ಗ್ಲಿಯಾ ಕೋಶಗಳು ಎರಡರಷ್ಟು. ಸಾಮಾನ್ಯವಾಗಿ ಒಂದು ನರತಂತು ಇನ್ನೊಂದು ನರಕೋಶಕ್ಕೆ ಒಂದೇ ಕಡೆ ತಾಗುತ್ತದೆ. ಇಲ್ಲಿ ಕೆಲವು ತಂತುಗಳು ಒಂದೇ ಕೋಶಕ್ಕೆ 50ಕ್ಕೂ ಹೆಚ್ಚು ಕಡೆ ತಾಗಿಕೊಂಡಿದ್ದವು. ಅದರ ಅರ್ಥ ಇನ್ನೂ ಬಿಡಿಸಬೇಕಾಗಿದೆ. ಇಂಥ ಅಧ್ಯಯನಕ್ಕೆ ಮೂಲವೇ ದಾನವಾಗಿ ಬಂದ ಅಂಗಾಂಶ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್.ಕೆ. ಶಂಕರ್ ಆರಂಭಿಸಿದ ಮಿದುಳು ಬ್ಯಾಂಕ್ ಭಾರತದಲ್ಲಿ ಆ ಕೆಲಸವನ್ನು ನಡೆಸಿಕೊಂಡು ಬಂದಿದೆ.

ಕ್ರಿಕ್ ಆಗದೆಂದಿದ್ದ ಕೆಲಸ 2025ರ ಏಪ್ರಿಲಿನಲ್ಲಿ ಆಯಿತು. ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಇಲಿಗೆ ಚಲನಚಿತ್ರದ ತುಣುಕುಗಳನ್ನು ತೋರಿಸುತ್ತ, ಅದರ ದೃಷ್ಟಿ ಪ್ರದೇಶದ ಸುಮಾರು 75,000 ನರಕೋಶಗಳ ಚಟುವಟಿಕೆಯನ್ನು ಮೊದಲು ದಾಖಲಿಸಿದರು. ಆಮೇಲೆ ಸಿಯಾಟಲ್‌ನ ಅಲೆನ್ ಸಂಸ್ಥೆಯಲ್ಲಿ ಅದೇ ಜಾಗದ ಘನ ಮಿಲಿಮೀಟರ್ ತುಂಡನ್ನು 12 ದಿನ, ಹಗಲು ರಾತ್ರಿ ಪಾಳಿಯಲ್ಲಿ ಕಾದು ಸುಮಾರು 28,000 ಸೀಳುಗಳಾಗಿ ಕತ್ತರಿಸಿದರು. ಪ್ರಿನ್ಸ್‌ಟನ್‌ನಲ್ಲಿ ನಕ್ಷೆ ಜೋಡಣೆಯಾಯಿತು: 2 ಲಕ್ಷಕ್ಕೂ ಹೆಚ್ಚು ಕೋಶಗಳು, 52 ಕೋಟಿ ಸಿನಾಪ್ಸ್‌ಗಳು, ಸುಮಾರು 4 ಕಿಲೋಮೀಟರ್ ನರತಂತು. ಇತರ ಕೋಶಗಳನ್ನು ತಡೆಯುವ ನರಕೋಶಗಳು ಸಿಕ್ಕಸಿಕ್ಕವನ್ನೆಲ್ಲ ತಡೆಯುತ್ತವೆ ಎಂಬ ಅಂದಾಜು ಅಲ್ಲಿ ಸುಳ್ಳಾಯಿತು; ಅವು ತಮ್ಮ ಗುರಿಗಳನ್ನು ಆರಿಸಿಕೊಳ್ಳುತ್ತವೆ.

ನಕ್ಷೆ ಸಿಕ್ಕಿತೆಂದರೆ ಮಿದುಳು ಅರ್ಥವಾಯಿತೆಂದು ಅಲ್ಲ. ಹುಳುವಿನ ನಕ್ಷೆ ಬಂದು 40 ವರ್ಷವಾಗುತ್ತ ಬಂದರೂ ಅದರ ನಡವಳಿಕೆಯನ್ನು ಪೂರ್ತಿ ಲೆಕ್ಕ ಹಾಕಿ ಹೇಳಲು ಆಗುತ್ತಿಲ್ಲ. 2023ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ಹುಳುವಿನ ನರಕೋಶಗಳನ್ನು ಒಂದೊಂದಾಗಿ ಪ್ರಚೋದಿಸಿ ನೋಡಿದಾಗ, ಸಂದೇಶಗಳು ಹಲವು ಕಡೆ ನಕ್ಷೆ ಹೇಳಿದ ದಾರಿಯಲ್ಲಿ ಹೋಗಲಿಲ್ಲ. ನ್ಯೂರೋಪೆಪ್ಟೈಡ್ ಎಂಬ ರಾಸಾಯನಿಕಗಳು ಸಿನಾಪ್ಸ್ ಇಲ್ಲದ ಕಡೆಯೂ ದೂರದ ಕೋಶಗಳನ್ನು ಮುಟ್ಟುತ್ತವೆ. ಏಡಿಯ ಹೊಟ್ಟೆಯನ್ನು ಆಡಿಸುವ ಸುಮಾರು 30 ನರಕೋಶಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಈವ್ ಮಾರ್ಡರ್ ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದರು: ಅದೇ ಸಂಪರ್ಕಗಳು, ಬೇರೆ ರಾಸಾಯನಿಕ, ಬೇರೆ ಲಯ. ಆದರೂ ನಕ್ಷೆ ಇಲ್ಲದೆ ಈ ವ್ಯತ್ಯಾಸವನ್ನು ಗುರುತಿಸುವುದೂ ಸಾಧ್ಯವಿರುತ್ತಿರಲಿಲ್ಲ.

ಮುಂದಿನ ಗುರಿ ಇಡೀ ಇಲಿಯ ಮಿದುಳು. ಅದರಲ್ಲಿ ಸುಮಾರು 7 ಕೋಟಿ ನರಕೋಶಗಳಿವೆ. 2025ರ ಮೇ ತಿಂಗಳಲ್ಲಿ ಆಸ್ಟ್ರಿಯಾದ ಸಂಶೋಧಕರು ಮಿದುಳಿನ ಅಂಗಾಂಶವನ್ನು ಜೆಲ್‌ನಲ್ಲಿ ಕೂರಿಸಿ, ಪ್ರತಿ ದಿಕ್ಕಿಗೂ ಸುಮಾರು 16 ಪಟ್ಟು ಉಬ್ಬಿಸಿ, ಬೆಳಕಿನ ಸೂಕ್ಷ್ಮದರ್ಶಕದಿಂದಲೇ ಸಿನಾಪ್ಸ್‌ಗಳನ್ನು ಬಿಡಿಸಿ ತೋರಿಸಿದ್ದಾರೆ. ದುಬಾರಿ ಎಲೆಕ್ಟ್ರಾನ್ ಯಂತ್ರಗಳಿಲ್ಲದ ಪ್ರಯೋಗಾಲಯಗಳಿಗೂ ಈ ಕಸುಬು ತೆರೆದುಕೊಳ್ಳಬಹುದು. ಮನುಷ್ಯರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದು, ಅದರ ಪೂರ್ಣ ನಕ್ಷೆ ಸದ್ಯಕ್ಕೆ ಯಾರ ಯೋಜನೆಯಲ್ಲೂ ಇಲ್ಲ.

ನೊಣ, ಇಲಿ ಮತ್ತು ಮನುಷ್ಯರ ಈ ನಕ್ಷೆಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದ್ದಾರೆ. ಕರ್ನಾಟಕದ ಯಾವುದೇ ಕಾಲೇಜಿನ ಜೀವವಿಜ್ಞಾನ ತರಗತಿಯಲ್ಲಿ ಒಂದು ಕಂಪ್ಯೂಟರ್ ಇದ್ದರೆ ಫ್ಲೈವೈರ್‌ನ ನರಕೋಶವೊಂದನ್ನು ತೆರೆದು, ತಿರುಗಿಸಿ, ಅದು ಯಾರ ಮಾತು ಕೇಳುತ್ತದೆ, ಯಾರಿಗೆ ಹೇಳುತ್ತದೆ ಎಂದು ನೋಡಬಹುದು. ಅಧ್ಯಾಪಕರು ಅದನ್ನು ತಮ್ಮ ವಿದ್ಯಾರ್ಥಿಗಳಿಗೆ ತೋರಿಸಬೇಕು.